ಕರ್ಣನ ಪಾಠ, ವಿಶೇಷಣಗಳಿಲ್ಲದೆ

ಉಡುಪಿಯಿಂದ ಉತ್ತರಕ್ಕೆ ಹೊರಟು ಕಲ್ಯಾಣಪುರದ ಬಳಿ ಸ್ವರ್ಣಾ ನದಿಯ ಸೇತುವೆ ದಾಟಿದ ಮೇಲೆ ಸಿಗುವ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೇನೆ. ಹತ್ತನೆಯ ತರಗತಿಗೆ ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಪದ್ಯಭಾಗವನ್ನು ಮೊದಲ ಸಲ ಪಾಠ ಮಾಡಿದ ವರ್ಷ, ಕರ್ಣನ ಪಾತ್ರವನ್ನು ಕುರಿತು ಬರೆಯಿರಿ ಎಂದು ಕೊಟ್ಟ ಪ್ರಶ್ನೆಗೆ 38 ಉತ್ತರಗಳು ಬಂದವು. ಅವುಗಳಲ್ಲಿ 35 ಉತ್ತರಗಳು ‘ಕರ್ಣನು ದಾನಶೂರ, ಸ್ವಾಮಿನಿಷ್ಠ, ಮಹಾವೀರ’ ಎಂದೇ ಆರಂಭವಾಗಿದ್ದವು. ಮಕ್ಕಳು ಗೈಡ್ ನೋಡಿ ಬರೆದಿದ್ದಾರೆಂದು ಮೊದಲು ಸಿಟ್ಟು ಬಂತು. ಸಂಜೆ ಮನೆಗೆ ಬಂದು ನನ್ನದೇ ಪಾಠಟಿಪ್ಪಣಿಯನ್ನು ತೆರೆದು ನೋಡಿದರೆ ಅದರಲ್ಲಿಯೂ ಅವೇ ಮೂರು ಶಬ್ದಗಳು, ಅದೇ ಕ್ರಮದಲ್ಲಿ ಇದ್ದವು. ಹೇಳಿ ಬರೆಸಿದವಳು ನಾನೇ.

ಆ ಪದ್ಯಭಾಗದಲ್ಲಿ ಕರ್ಣನು ಯಾರಿಗೂ ಏನನ್ನೂ ದಾನ ಕೊಡುವುದಿಲ್ಲ, ಒಂದು ಬಾಣವನ್ನೂ ಬಿಡುವುದಿಲ್ಲ. ಕೃಷ್ಣನು ಮೈದುನತನದ ಸರಸ ತೋರಿ, ಅವನನ್ನು ಬರಸೆಳೆದು ರಥದಲ್ಲಿ ಪಕ್ಕಕ್ಕೆ ಕುಳ್ಳಿರಿಸಿಕೊಂಡು ಅವನ ಹುಟ್ಟಿನ ಗುಟ್ಟನ್ನು ಹೇಳಿ, ಪಾಂಡವರ ಕಡೆಗೆ ಬಂದು ರಾಜ್ಯವಾಳೆಂದು ಕರೆಯುತ್ತಾನೆ. ಕರ್ಣನು ಕೇಳುತ್ತಾನೆ, ನೋಯುತ್ತಾನೆ, ಕೊನೆಗೆ ಒಲ್ಲೆನೆನ್ನುತ್ತಾನೆ. ವೀರವೆಂಬುದು ಏನಾದರೂ ಅಲ್ಲಿ ಇದ್ದರೆ ಅದು ಆ ಒಲ್ಲೆನೆಂಬ ಮಾತಿನಲ್ಲಿಯೇ ಇರಬೇಕು. ವೀರರಸಕ್ಕೆ ಉತ್ಸಾಹವೇ ಸ್ಥಾಯಿಭಾವವೆಂದು ಬಿ.ಎಡ್. ಕಾಲದಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದ ನನಗೆ, ಉತ್ಸಾಹದ ಸುಳಿವೂ ಇಲ್ಲದ ಈ ಕಡೆ ವೀರವನ್ನು ಹೇಗೆ ತೋರಿಸಬೇಕೆಂಬುದು ಹೊಳೆದಿರಲಿಲ್ಲ.

ಮರುವರ್ಷ ಒಂದು ನಿಯಮ ಮಾಡಿದೆ. ಪಾತ್ರದ ಬಗ್ಗೆ ಬರೆಯುವಾಗ ಮೊದಲ ಎರಡು ದಿನ ವಿಶೇಷಣ ಬಳಸಬಾರದು, ಕ್ರಿಯಾಪದ ಮಾತ್ರ ಬಳಸಬೇಕು. ಕ್ರಿಯಾಪದದ ಎದುರು ಅದು ಯಾವ ಸಾಲಿನಲ್ಲಿದೆಯೆಂಬುದನ್ನು ಬರೆಯಬೇಕು. ಮಕ್ಕಳಿಗೆ ಇದು ವ್ಯಾಕರಣದ ಅಭ್ಯಾಸದಂತೆ ಕಂಡು ಸ್ವಲ್ಪ ಬೇಸರವೇ ಆಯಿತು. ಆದರೆ ಆ ಬೇಸರದ ಪಟ್ಟಿಯಿಂದಲೇ, ನಾನು ಹತ್ತಾರು ಸಲ ಓದಿಯೂ ಗಮನಿಸದ ಒಂದು ಸಂಗತಿ ಹೊರಬಿತ್ತು.

ಗುಟ್ಟು ತಿಳಿದ ಕರ್ಣನನ್ನು ಕವಿ ಹೀಗೆ ಚಿತ್ರಿಸುತ್ತಾನೆ: ‘ಕೊರಳ ಸೆರೆ ಹಿಗ್ಗಿದವು ದೃಗುಜಲ ಉರವಣಿಸಿ ಕಡುನೊಂದನಕಟಾ ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ’. ಕಣ್ಣೀರು ಏಕೆ ಬಂತೆಂದು ಕೇಳಿದರೆ, ತಾಯಿ ತೊರೆದದ್ದಕ್ಕೆ, ಸೂತಪುತ್ರನೆಂದು ಎಲ್ಲರೂ ಹಂಗಿಸಿದ್ದಕ್ಕೆ ಎಂದು ತರಗತಿಯ ಹೆಚ್ಚಿನವರು ಹೇಳಿದರು. ಸಾಲಿನಲ್ಲಿ ಹಾಗೆ ಎಲ್ಲಿಯೂ ಇಲ್ಲ. ತಾನು ಕುಂತಿಯ ಹಿರಿಯ ಮಗನೆಂದು ತಿಳಿದ ಆ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿ ಮೊದಲು ಮೂಡಿದ ಹೆಸರು ಕುರುಪತಿಯದು, ಅಂದರೆ ದುರ್ಯೋಧನನದು. ಮುಂದಿನ ಸಾಲುಗಳಲ್ಲಿ, ಹರಿಯ ಹಗೆ ಹೊಗೆ ತೋರದೆ, ಸುಡದೆ ಬರಿದೆ ಹೋಗುವುದೇ ಎಂದು ಕರ್ಣನು ಯೋಚಿಸಿ, ‘ತನ್ನ ವಂಶವನರುಹಿ ಕೊಂದನು’ ಎಂದುಕೊಳ್ಳುತ್ತಾನೆ. ಕ್ರಿಯಾಪದಗಳ ಪಟ್ಟಿ ಮಾಡುತ್ತಿದ್ದ ಒಬ್ಬ ಹುಡುಗಿ, ಈ ‘ಕೊಂದನು’ ಎಂಬುದೂ ಪಾಠದ ಶೀರ್ಷಿಕೆಯ ‘ಕೊಂದೆ’ ಎಂಬುದೂ ಒಂದೇ ಅಲ್ಲವೇ ಎಂದು ಕೇಳಿದಳು. ಕ್ರಿಯಾಪದ ಒಂದೇ, ಕರ್ಮಪದ ಬೇರೆ. ಮನಸ್ಸಿನೊಳಗೆ ಕೃಷ್ಣನು ಕೊಂದದ್ದು ತನ್ನನ್ನು. ಬಾಯಿಬಿಟ್ಟು ಹೇಳುವಾಗ ಕೊಂದದ್ದು ಕೌರವೇಂದ್ರನನ್ನು. ತನ್ನ ಸಾವನ್ನು ಹಿಂದಕ್ಕಿಟ್ಟು ಒಡೆಯನ ಸಾವನ್ನು ಮುಂದಿಟ್ಟ ಆ ಸಣ್ಣ ಜಾಗದಲ್ಲಿ ಕುಮಾರವ್ಯಾಸನು ಕರ್ಣನನ್ನು ನಿಲ್ಲಿಸಿದ್ದಾನೆ. ‘ಸ್ವಾಮಿನಿಷ್ಠ’ ಎಂಬ ಶಬ್ದವನ್ನು ಬರೆಯುವ ಅಧಿಕಾರ ಮಕ್ಕಳಿಗೆ ಈ ಸಾಲನ್ನು ಕಂಡ ಮೇಲೆ ಬಂತೆಂದು ನಾನು ತಿಳಿಯುತ್ತೇನೆ.

ಇದರ ಬೆನ್ನಿಗೆ, ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯನ್ನು ತರಗತಿಗೆ ತಂದೆ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿದ ಮೇಲೆ, ಮಳೆಗಾಲದುದ್ದಕ್ಕೂ ನಮ್ಮ ಕಡೆಯ ದೇವಸ್ಥಾನಗಳಲ್ಲಿಯೂ ಮನೆಯ ಚಾವಡಿಗಳಲ್ಲಿಯೂ ತಾಳಮದ್ದಳೆ ನಡೆಯುವುದರಿಂದ, ವೇಷವಿಲ್ಲದೆ ಕುಳಿತು ಪಾತ್ರದ ಪರವಾಗಿ ವಾದ ಮಾಡುವುದನ್ನು ಈ ಮಕ್ಕಳಿಗೆ ಹೊಸದಾಗಿ ವಿವರಿಸಬೇಕಿಲ್ಲ. ಒಬ್ಬ ಕೃಷ್ಣ, ಒಬ್ಬ ಕರ್ಣ, ಷಟ್ಪದಿ ಹಾಡಲು ಒಬ್ಬಳು, ಮದ್ದಳೆಯ ಬದಲು ಮೇಜು.

ಮೊದಲ ಪ್ರಯತ್ನ ಕೆಟ್ಟಿತು. ಕರ್ಣನಾಗಿ ಕುಳಿತ ಹುಡುಗನು ಟಿ.ವಿ. ಧಾರಾವಾಹಿಯ ಮಾತುಗಳನ್ನೆಲ್ಲ ಸೇರಿಸಿ ಅರ್ಧ ಗಂಟೆ ಮಾತನಾಡಿದ, ಪಕ್ಕದ ತರಗತಿಯವರು ಕಿಟಕಿಗೆ ಬಂದು ಚಪ್ಪಾಳೆ ತಟ್ಟಿದರು, ನನಗೂ ಖುಷಿಯಾಗಿತ್ತು. ಮುಂದಿನ ಕಿರುಪರೀಕ್ಷೆಯಲ್ಲಿ ಆ ಮಾತುಗಳೆಲ್ಲ ಕುಮಾರವ್ಯಾಸನ ಹೆಸರಿನಲ್ಲಿ ಉತ್ತರಪತ್ರಿಕೆಗೆ ಇಳಿದಿದ್ದವು. ಅಂದಿನಿಂದ, ಅರ್ಥ (ಪಾತ್ರದ ಮಾತು) ಹೇಳಿ ಮುಗಿದ ಮೇಲೆ ಎಲ್ಲರೂ ಪುಸ್ತಕ ತೆರೆದು ಯಾವ ಮಾತಿಗೆ ಪದ್ಯದ ಆಧಾರವಿದೆ, ಯಾವುದು ಅರ್ಥಧಾರಿ ತಾನೇ ಬೆಳೆಸಿದ್ದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಬೇಕೆಂದು ಗೊತ್ತುಮಾಡಿದೆ. ಬೆಳೆಸಿದ್ದು ತಪ್ಪೆಂದು ಹೇಳುವುದಿಲ್ಲ. ಕವಿ ಹೇಳದೆ ಬಿಟ್ಟದ್ದು ಎಷ್ಟು ಎಂಬುದು ಆ ಗುರುತುಗಳಿಂದ ಕಣ್ಣಿಗೆ ಕಾಣುತ್ತದೆ.

ಇಂಥ ಒಂದು ಕೂಟದ ಕೊನೆಯಲ್ಲಿ ‘ಹೊರೆದ ದಾತಾರಂಗೆ ಹಗೆವರ ಶಿರವನರಿದೊಪ್ಪಿಸುವೆನು’ ಎಂಬ ಸಾಲಿಗೆ ಬಂದಿದ್ದೆವು. ‘ಹೊರೆ’ ಎಂದರೆ ‘ಸಾಕು, ಪೋಷಿಸು’ ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದುನಿಂತ.

‘ಟೀಚರ್, ಕೋಟಿ ಚೆನ್ನಯರನ್ನು ಸಾಕಿದ್ದು ಸಹ ಬಲ್ಲಾಳರೇ ಅಲ್ವಾ? ಅವರು ಪಡುಮಲೆ ಬಿಟ್ಟು ಹೋದ್ರು. ಕರ್ಣ ಯಾಕೆ ಹೋಗ್ಲಿಲ್ಲ?’

ಅವನ ಮನೆಯ ಹತ್ತಿರ, ತುಳುನಾಡಿನ ಆ ಅವಳಿ ವೀರರನ್ನು ಆರಾಧಿಸುವ ಗರಡಿಯಿದೆ. ಕೋಟಿ ಚೆನ್ನಯರು ಅವನಿಗೆ ಪುಸ್ತಕದಿಂದ ಬಂದವರಲ್ಲ. ನಾನು ಉತ್ತರ ಹುಡುಕುತ್ತಿರುವಾಗಲೇ ಮುಂದಿನ ಸಾಲಿನವನು ತಿರುಗಿ ಅವನಿಗೆ ಹೇಳಿದ: ‘ಬಲ್ಲಾಳರು ಮಾತು ತಪ್ಪಿದ್ರು ಮಾರಾಯ. ಕೌರವ ಕರ್ಣನಿಗೆ ಮಾತು ತಪ್ಪಿದ್ದು ಎಲ್ಲಿ ಉಂಟು?’

ಆ ಅವಧಿಯಲ್ಲಿ ನಾನು ಮತ್ತೇನೂ ಬರೆಯಿಸಲಿಲ್ಲ. ಅನ್ನದ ಋಣವೂ ಮಾತಿನ ಋಣವೂ ಒಂದೇ ಕಡೆ ಇದ್ದಾಗ ಒಬ್ಬ ವೀರ ಹೇಗೆ ನಡೆಯುತ್ತಾನೆ, ಅವು ಎದುರುಬದುರಾದಾಗ ಇನ್ನೊಬ್ಬ ವೀರ ಹೇಗೆ ನಡೆಯುತ್ತಾನೆ ಎಂಬುದನ್ನು ಹದಿನೈದರ ಹುಡುಗರಿಬ್ಬರು ತುಳುವಿನ ಜನಪದ ಕಥನಗೀತೆಯಾದ ಪಾಡ್ದನವನ್ನೂ ಷಟ್ಪದಿಯನ್ನೂ ಪಕ್ಕಪಕ್ಕ ಇಟ್ಟು ಬಿಡಿಸಿದ್ದರು. ಎಣ್ಮೂರಿನ ಕಾಳಗದಲ್ಲಿ ಕೋಟಿ ಚೆನ್ನಯರು ತಮ್ಮನ್ನು ಸಾಕಿದ ಬಲ್ಲಾಳನ ಎದುರುಬಣದಲ್ಲಿ ನಿಂತು ಮಡಿದರು. ಕರ್ಣನು ತನ್ನ ಒಡಹುಟ್ಟಿದವರ ಎದುರು ನಿಂತು ಮಡಿದನು.

ಕರ್ಣನನ್ನು ಹೀಗೆ ಓದಿಸುವುದರಲ್ಲಿ ಒಂದು ಅಪಾಯವೂ ಇದೆ, ಅದರಲ್ಲಿ ನಾನು ಬಹಳ ಕಾಲ ಸಿಕ್ಕಿಕೊಂಡಿದ್ದೆ. ಪದ್ಯಭಾಗ ಅಷ್ಟೇ ಇರುವುದರಿಂದ ಅವನ ಬೇರೆ ಮುಖ ಮಕ್ಕಳಿಗೆ ಕಾಣುವುದಿಲ್ಲ. ವ್ಯಾಸಭಾರತದ ಸಭಾಪರ್ವದಲ್ಲಿ ದ್ರೌಪದಿಯ ಬಟ್ಟೆಯನ್ನು ಕಿತ್ತುಕೊಳ್ಳುವಂತೆ ದುಶ್ಶಾಸನನಿಗೆ ಹೇಳುವವನು ಇದೇ ಕರ್ಣ. ಒಂದು ವರ್ಷ ಒಬ್ಬಳು ಆ ಮಾತೆತ್ತಿದಾಗ ‘ಅದು ಈ ಪಾಠದಲ್ಲಿ ಬರುವುದಿಲ್ಲ’ ಎಂದು ಮುಚ್ಚಿಹಾಕಿದ್ದು ನನಗೆ ಇಂದಿಗೂ ಮುಜುಗರ ತರುತ್ತದೆ. ಈಗ ಆ ಪ್ರಸಂಗವನ್ನು ನಾನೇ ಮೊದಲು ಹೇಳುತ್ತೇನೆ. ಒಬ್ಬನೇ ಮನುಷ್ಯ ಸಭೆಯಲ್ಲಿ ಹಾಗೆಯೂ ರಥದಲ್ಲಿ ಹೀಗೆಯೂ ನಡೆದುಕೊಂಡನೆಂಬುದನ್ನು ಒಪ್ಪಿಕೊಂಡು ಬರೆಯುವುದು ಮಕ್ಕಳಿಗೆ ನಾವೆಣಿಸುವಷ್ಟು ಕಷ್ಟವಲ್ಲ.

ಸಮಯ ಉಳಿದರೆ ಪಂಪನಿಂದ ಒಂದು ಪದ್ಯವನ್ನು ಹಲಗೆಯ ಮೇಲೆ ಬರೆಯುತ್ತೇನೆ. 941ರ ವಿಕ್ರಮಾರ್ಜುನ ವಿಜಯದಲ್ಲಿ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ ಕವಿ, ‘ಚಲದೊಳ್ ದುರ್ಯೋಧನಂ ನನ್ನಿಯೊಳಿನತನಯಂ ಗಂಡಿನೊಳ್ ಭೀಮಸೇನಂ’ ಎಂದು ಆರಂಭಿಸಿ ಒಬ್ಬೊಬ್ಬರಿಗೆ ಒಂದೊಂದು ಗುಣವನ್ನು ಹಂಚುತ್ತಾನೆ. ಪಟ್ಟಿಯ ಮೊದಲ ಹೆಸರು ನಾಯಕನದಲ್ಲ, ಪ್ರತಿನಾಯಕನದು. ಇನತನಯನಾದ, ಅಂದರೆ ಸೂರ್ಯನ ಮಗನಾದ ಕರ್ಣನಿಗೆ ಸಂದದ್ದು ದಾನವಲ್ಲ, ನನ್ನಿ, ಎಂದರೆ ಸತ್ಯ. ಈ ಎರಡನ್ನು ತೋರಿಸಿದರೆ ಗೈಡಿನ ‘ದಾನಶೂರ’ ತಾನಾಗಿ ಹಿಂದೆ ಸರಿಯುತ್ತದೆ. ದುರ್ಯೋಧನನ ಛಲಕ್ಕೆ ರನ್ನನ ಗದಾಯುದ್ಧದ ‘ನೀರೊಳಗಿರ್ದುಂ ಬೆಮರ್ದನುರಗಪತಾಕಂ’ ಎಂಬ ಸಾಲೊಂದೇ ಸಾಕು. ಕೊಳದಲ್ಲಿ ಅಡಗಿದ್ದವನು ಭೀಮನ ಗರ್ಜನೆಗೆ ಹೆದರಿ ಬೆವತನೆಂದೇ ಎಲ್ಲರೂ ಹೇಳುತ್ತಾರೆ. ಅದೇ ಪದ್ಯದಲ್ಲಿ ಅವನನ್ನು ‘ಕೋಪಾರುಣನೇತ್ರಂ’, ಕೋಪದಿಂದ ಕಣ್ಣು ಕೆಂಪಾದವನು, ಎಂದು ಕರೆದಿರುವುದನ್ನು ತೋರಿಸಿದಾಗ ತರಗತಿ ಎರಡು ಪಂಗಡವಾಗುತ್ತದೆ, ಗಂಟೆ ಹೊಡೆದರೂ ಅದು ಮುಗಿಯುವುದಿಲ್ಲ.

ಪರೀಕ್ಷೆಯ ಮಾತನ್ನು ಬಿಡುವಂತಿಲ್ಲ. ಬೇರೆ ಶಾಲೆಯವರು ಮೌಲ್ಯಮಾಪನ ಮಾಡಿದ ಒಂದು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ನನ್ನ ತರಗತಿಯ ಅತ್ಯುತ್ತಮ ಉತ್ತರಕ್ಕೆ ನಾಲ್ಕರಲ್ಲಿ ಒಂದೂವರೆ ಅಂಕ ಬಂತು. ಮಾದರಿ ಉತ್ತರದ ಅಂಶಗಳು ಅದರಲ್ಲಿ ಇರಲಿಲ್ಲ. ಬರೆದವಳ ಎದುರು ನನಗೆ ಮಾತು ಹೊರಡಲಿಲ್ಲ. ಅಲ್ಲಿಂದೀಚೆಗೆ, ಎಂಟು-ಹತ್ತು ವಾಕ್ಯಗಳ ಉತ್ತರದಲ್ಲಿ ಮೊದಲ ಆರು ವಾಕ್ಯಗಳು ಪದ್ಯದಲ್ಲಿ ನಡೆದದ್ದನ್ನು ಕ್ರಮವಾಗಿ ಹೇಳಲಿ, ಉಳಿದವುಗಳಲ್ಲಿ ನಿಮ್ಮ ಅಭಿಪ್ರಾಯವನ್ನು ಸಾಲಿನ ಆಧಾರದೊಡನೆ ಬರೆಯಿರಿ ಎಂದು ಹೇಳಿಕೊಡುತ್ತಿದ್ದೇನೆ. ವಿಶೇಷಣಗಳಿಗೂ ಈಗ ಅಡ್ಡಿಯಿಲ್ಲ, ಆಧಾರವಿದ್ದರೆ. ಈ ವರ್ಷದ ಕಿರುಪರೀಕ್ಷೆಯಲ್ಲಿ 11 ಮಂದಿ ‘ಸ್ವಾಮಿನಿಷ್ಠ’ ಎಂದು ಬರೆದಿದ್ದರು. ಎಂಟು ಉತ್ತರಗಳಲ್ಲಿ ‘ಹೊರೆದ ದಾತಾರಂಗೆ’ ಎಂಬ ಸಾಲು ಅದರ ಪಕ್ಕದಲ್ಲಿಯೇ ಇತ್ತು. ಉಳಿದ ಮೂವರ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ‘ಎಲ್ಲಿ ಉಂಟು?’ ಎಂದು ಬರೆದು ಹಿಂದಿರುಗಿಸಿದೆ.