ಹೊಸಬರಿಗೆ ಮಾರ್ಗದರ್ಶಿ: ಪ್ಲಗ್ ಹಾಕುವ ಮುನ್ನ ಲೇಬಲ್ ಓದಿ

ಭಾರತದಿಂದ ಇಲ್ಲಿಗೆ, ಅಂದರೆ ಅಮೆರಿಕಕ್ಕೋ ಕೆನಡಾಕ್ಕೋ ಬಂದು ಪೆಟ್ಟಿಗೆ ಬಿಚ್ಚಿದ ದಿನವೇ ಊರಿಂದ ತಂದ ಮಿಕ್ಸಿ ಹಾಕಿ ನೋಡುವ ಆತುರ ಎಲ್ಲರಿಗೂ ಇರುತ್ತದೆ. ಸ್ವಲ್ಪ ತಡೆಯಿರಿ. ಭಾರತದ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತನ) ವಿದ್ಯುತ್. ಅಮೆರಿಕ, ಕೆನಡಾಗಳಲ್ಲಿ 120 ವೋಲ್ಟ್, 60 ಹರ್ಟ್ಸ್. ಉಪಕರಣವನ್ನು ಮಗುಚಿ ಲೇಬಲ್ ಓದಿ. ‘ಇನ್‌ಪುಟ್’ ಎಂಬಲ್ಲಿ 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಎರಡೂ ಕಡೆ ನಡೆಯುತ್ತದೆ. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರುಗಳು ಬಹುಮಟ್ಟಿಗೆ ಹೀಗೇ ಇರುತ್ತವೆ.

ಅಡಾಪ್ಟರ್ ಬೇರೆ, ಟ್ರಾನ್ಸ್‌ಫಾರ್ಮರ್ ಬೇರೆ

ಇದನ್ನು ಹೇಳಿ ಹೇಳಿ ನಮ್ಮ ಬಾಯಿ ಸೋತಿದೆ. ಪ್ರಯಾಣಕ್ಕೆಂದು ಕೊಂಡ ಅಡಾಪ್ಟರ್ ಪಿನ್ನಿನ ಆಕಾರವನ್ನು ಹೊಂದಿಸುತ್ತದೆ, ವೋಲ್ಟೇಜನ್ನು ಮುಟ್ಟುವುದೂ ಇಲ್ಲ. 230 ವೋಲ್ಟಿನ 1,500 ವ್ಯಾಟ್ ಇಸ್ತ್ರಿ ಪೆಟ್ಟಿಗೆಯನ್ನು ಅದರ ಮೂಲಕ 120 ವೋಲ್ಟಿಗೆ ಸಿಕ್ಕಿಸಿದರೆ ಸಿಗುವುದು ಸುಮಾರು 400 ವ್ಯಾಟ್. ವೋಲ್ಟೇಜ್ ಅರ್ಧವಾದರೆ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ಸುಕ್ಕು ಹೋಗುವುದಿಲ್ಲ, ಅಷ್ಟೇ. ಭಯವಿರುವುದು ಭಾರತಕ್ಕೆ ವಾಪಸು ಹೋಗುವಾಗ: 120 ವೋಲ್ಟಿಗಷ್ಟೇ ಮಾಡಿದ ಹೇರ್ ಡ್ರೈಯರನ್ನು 230ಕ್ಕೆ ಹಾಕಿದರೆ ಶಾಖ ಮೂರೂವರೆ ಪಟ್ಟು ದಾಟುತ್ತದೆ. ಅಕ್ಕನಿಗೆ ಉಡುಗೊರೆ ಒಯ್ಯುವವರು ಇದನ್ನು ಎರಡು ಸಲ ಓದಿ.

ಊರಿಂದ ತಂದ ಮಿಕ್ಸಿಗೆ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ (120 ವೋಲ್ಟನ್ನು 230ಕ್ಕೆ ಏರಿಸುವಂಥದ್ದು) ಬೇಕು. 750 ವ್ಯಾಟ್ ಮಿಕ್ಸಿಗೆ 750ರದ್ದೇ ಸಾಕೆಂದು ಜಿಪುಣತನ ಮಾಡಬೇಡಿ; ಮೋಟಾರ್ ತಿರುಗಲು ಶುರುವಾಗುವ ಕ್ಷಣದಲ್ಲಿ ಎಷ್ಟೋ ಹೆಚ್ಚು ಎಳೆಯುತ್ತದೆ. 1,500ರದ್ದು ತನ್ನಿ. ಅಂಗೈಯಲ್ಲಿ ಹಿಡಿಸುವ ಹಗುರ ಕನ್ವರ್ಟರುಗಳು ಮೋಟಾರಿಗೆ ಹೇಳಿಸಿದವಲ್ಲ. ಟ್ರಾನ್ಸ್‌ಫಾರ್ಮರ್ ಹರ್ಟ್ಸನ್ನು ಬದಲಿಸದು: ಗ್ರೈಂಡರಿನ ಇಂಡಕ್ಷನ್ ಮೋಟಾರಿನ ವೇಗ ಹರ್ಟ್ಸನ್ನೇ ಅನುಸರಿಸುವುದರಿಂದ ಅದು ಇಲ್ಲಿ ಸುಮಾರು ಐದನೇ ಒಂದು ಪಾಲು ಹೆಚ್ಚು ವೇಗವಾಗಿ ತಿರುಗುತ್ತದೆ.

ಬ್ರೇಕರ್ ಬಿದ್ದರೆ

15 ಆಂಪಿಯರ್ ಸರ್ಕ್ಯೂಟಿನಲ್ಲಿ 120 ವೋಲ್ಟಿಗೆ ಸಿಗುವ ಗರಿಷ್ಠ 1,800 ವ್ಯಾಟ್; ಗಂಟೆಗಟ್ಟಲೆ ಉರಿಯುವುದಕ್ಕೆ 1,440ರೊಳಗೆ ಇರಿ. ಒಂದು ಬ್ರೇಕರಿಗೆ (ಹೊರೆ ಹೆಚ್ಚಿದರೆ ತಾನೇ ಬಿದ್ದು ವಿದ್ಯುತ್ ಕಡಿಯುವ ಸ್ವಿಚ್ಚು) ಹಲವು ಸಾಕೆಟ್‌ಗಳು ಸೇರಿರುತ್ತವೆ. ಹೀಟರ್ ಮತ್ತು ಕೆಟಲ್ ಜೊತೆಯಾಗಿ ನಡೆಯುವುದಿಲ್ಲ. ಬಿದ್ದ ಬ್ರೇಕರನ್ನು ಮತ್ತೆ ಮತ್ತೆ ಎತ್ತಬೇಡಿ, ಮೊದಲು ಒಂದು ಉಪಕರಣದ ಪ್ಲಗ್ ಕಿತ್ತು, ಆಮೇಲೆ ಎತ್ತಿ.

ಚಾರ್ಜರ್ ಕಳೆದುಹೋದಾಗ

ಹಳೆಯ ಡಬ್ಬಿಯಲ್ಲಿ ಹುಡುಕಿ ಪಿನ್ ಹಿಡಿಸಿದ್ದನ್ನು ಹಾಕುವುದು ನಮ್ಮವರ ಜಾಣತನ. ಪಿನ್ ಹಿಡಿಸಿದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ‘ಔಟ್‌ಪುಟ್’ ವೋಲ್ಟ್ ಅಷ್ಟಕ್ಕಷ್ಟೇ ಇರಬೇಕು, ಪ್ಲಸ್-ಮೈನಸ್ ಗುರುತೂ ಹೊಂದಬೇಕು. ಆಂಪಿಯರ್ ಮಾತ್ರ ಸಮನಿದ್ದರೂ ಸರಿ, ಹೆಚ್ಚಿದ್ದರೂ ಸರಿ. ಉಪಕರಣ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. 12 ವೋಲ್ಟಿನ ರೂಟರಿಗೆ ಲ್ಯಾಪ್‌ಟಾಪಿನ 19 ವೋಲ್ಟ್ ಕೊಟ್ಟರೆ ರೂಟರ್ ಸುಟ್ಟೀತು. ಯುಎಸ್‌ಬಿ-ಸಿ ಚಾರ್ಜರುಗಳು ಉಪಕರಣದೊಡನೆ ಮಾತಾಡಿಕೊಂಡು ವೋಲ್ಟ್ ನಿರ್ಧರಿಸುವುದರಿಂದ ಅವುಗಳ ಮಾತು ಬೇರೆ.

ಕಡಿಮೆ ವೋಲ್ಟ್ ಎಂದು ಸದರ ಬೇಡ. ಕಾರಿನ ಬ್ಯಾಟರಿ 12 ವೋಲ್ಟಿನದೇ. ಎರಡೂ ತುದಿಗೆ ಸ್ಪ್ಯಾನರ್ ತಾಗಿದರೆ ನೂರಾರು ಆಂಪಿಯರ್ ಹರಿದು ಲೋಹ ಕೆಂಪಗಾಗುತ್ತದೆ.

ಇನ್ನುಳಿದವು:
- ಬರಿಯ ತಂತಿಗೆ ಬೆಂಕಿಕಡ್ಡಿ ಸಿಕ್ಕಿಸುವ ವಿದ್ಯೆಯನ್ನು ಮರೆತುಬಿಡಿ.
- ಅರ್ಥಿಂಗಿನ ಮೂರನೇ ಪಿನ್ ಮುರಿಯಬೇಡಿ.
- ಲೇಬಲಿನಲ್ಲಿ ಚೌಕದೊಳಗೆ ಚೌಕದ ಗುರುತಿದ್ದರೆ (ಇಮ್ಮಡಿ ಇನ್ಸುಲೇಷನ್ ಎಂದರ್ಥ) ಎರಡೇ ಪಿನ್ ಸಾಕು.
- ಹೀಟರನ್ನು ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಬೇಡಿ.
- ಸಂಘದ ಟ್ರಾನ್ಸ್‌ಫಾರ್ಮರನ್ನು ಎರವಲು ಕೊಡುತ್ತೇವೆ. ಕೇಳುವ ಮೊದಲು ನಿಮ್ಮ ಉಪಕರಣದ ವ್ಯಾಟ್ ಬರೆದುಕೊಂಡು ಬನ್ನಿ.