ಬಳ್ಳಾರಿ ಬಿಸಿಲಲ್ಲಿ ಪಾರ್ಕಿನ ಗಿಡ ಉಳಿಸೋದು ಹೀಗೆ

ಗಿಡ ತರುವ ಮೊದಲು ಒಂದು ಲೆಕ್ಕ ಹಾಕಿ. ಏಪ್ರಿಲ್ ತಿಂಗಳಲ್ಲಿ, ನಲ್ಲಿ ನೀರು ಬರದ ದಿನ, ನಿಮ್ಮ ಮನೆಯಿಂದ ಪಾರ್ಕಿಗೆ ಎಷ್ಟು ಕೊಡ ನೀರು ಹೊರುತ್ತೀರಿ? ನನಗೆ ನಾಲ್ಕು ಕೊಡ ಆಗುತ್ತದೆ. ಒಂದು ಗಿಡಕ್ಕೆ ಕನಿಷ್ಠ ಎರಡು ಬೇಸಿಗೆ ನೀರು ಹಾಕಬೇಕು. ಹೋದ ವರ್ಷದವು ಎರಡು, ಈ ವರ್ಷದವು ಎರಡು, ಅಲ್ಲಿಗೆ ನಾಲ್ಕು ಕೊಡ ಮುಗಿಯಿತು. ಅದಕ್ಕೇ ನಾನು ವರ್ಷಕ್ಕೆ ಎರಡೇ ಗಿಡ ನೆಡುವುದು.

ನಾನು ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವಳು. ದಿನವಿಡೀ ಮಷಿನ್ ಮುಂದೆ ಕೂತು ಬೆನ್ನು ಹಿಡಿದಾಗ ಸಂಜೆ ನಮ್ಮ ಏರಿಯಾದ ಪಾರ್ಕಿಗೆ ಹೋಗುತ್ತೇನೆ. ದೊಡ್ಡ ಪಾರ್ಕು, ಒಂದು ಸುತ್ತಿಗೆ 12 ನಿಮಿಷ ಬೇಕು. ಮೊದಲ ವರ್ಷ ಜೂನ್ 5ರ ಪರಿಸರ ದಿನಕ್ಕೆ ನಾವು ಓಣಿಯವರು ಸೇರಿ 12 ಗಿಡ ನೆಟ್ಟೆವು. ಫೋಟೋ ತೆಗೆಸಿಕೊಂಡೆವು. ಮುಂದಿನ ಯುಗಾದಿಗೆ ಮೂರು ಉಳಿದಿದ್ದವು. ಒಣಗಿದ ಒಂಬತ್ತನ್ನೂ ಒಂದೊಂದಾಗಿ ಕಿತ್ತು ನೋಡಿದೆ. ಈಗ ಬರೆಯುತ್ತಿರುವುದರಲ್ಲಿ ಅರ್ಧ ಪಾಲು ಆ ಒಂಬತ್ತು ಗಿಡ ಕಲಿಸಿದ್ದು.

ಮೊದಲ ಕೆಲಸ ಪಾಲಿಕೆಗೆ ಒಂದು ಅರ್ಜಿ. ನೆಲದಡಿ ಪೈಪು, ಕೇಬಲ್ಲು ಎಲ್ಲೆಲ್ಲಿ ಹೋಗಿವೆ ಅಂತ ಕೇಳಿಕೊಳ್ಳಿ. ಆಮೇಲೆ ಪಾರ್ಕಿನ ಮಾಲಿಯನ್ನು ಕೇಳಿ. ನಮ್ಮ ಮಾಲಿ ಅಣ್ಣ ಆವತ್ತೇ ಹೇಳಿದ್ದ: "ಅಕ್ಕಾ, ಗೋಡೆ ಬಾಜು ಬ್ಯಾಡ್ರಿ, ಅಲ್ಲಿ ಕೆಳಗೆ ಬರೀ ಇಟ್ಟಿಗೆ ಚೂರು, ಸಿಮೆಂಟು ಐತಿ." ನಾವು ಕೇಳಲಿಲ್ಲ. ಮೇಲೆ ಅರ್ಧ ಅಡಿ ಚಂದದ ಕೆಂಪು ಮಣ್ಣು, ಕೆಳಗೆ ಮನೆ ಕೆಡವಿದ ಕಸ. ಐದು ಗಿಡ ಅಲ್ಲೇ ಹೋದವು.

ಯಾವ ಗಿಡ? ನಮ್ಮ ಊರಿಗೆ ನಾನು ಬೇವು ಮತ್ತು ಹೊಂಗೆ ಅಂತಲೇ ಹೇಳುವುದು. ಎರಡೂ ಬೇಸಿಗೆ ಶುರುವಾಗುವ ಹೊತ್ತಿಗೆ ಎಲೆ ಉದುರಿಸಿ, ಬಿಸಿಲು ಸುಡುವ ಹೊತ್ತಿಗೆ ಹೊಸ ಎಲೆ ಹೊತ್ತು ನಿಲ್ಲುತ್ತವೆ. ಬಿಸಿಲು 40 ಡಿಗ್ರಿ ದಾಟಿದಾಗ, ಸಂಜೆ ಏಳಕ್ಕೂ ಬಳ್ಳಾರಿ ಗುಡ್ಡದ ಬಂಡೆ ಬಿಸಿ ಉಗುಳುವಾಗ, ಹೊಂಗೆ ಕೆಳಗೆ ಕೂತು ನೋಡಿ. ಆ ತಂಪು ಬೇರೆಯೇ. ಗುಲ್‌ಮೊಹರ್ ಹೂವು ಚಂದ, ಆದರೆ ಗಾಳಿಗೆ ಕೊಂಬೆ ಮುರಿಯುತ್ತದೆ. ಮಕ್ಕಳು ಆಡುವ ಕಡೆ ಬೇಡ. ನೇರಳೆ ಒಳ್ಳೆಯದೇ, ವಾಕಿಂಗ್ ದಾರಿಯಿಂದ ದೂರ ಇರಲಿ. ಹಣ್ಣು ಬಿದ್ದರೆ ವಯಸ್ಸಾದವರು ಕಾಲು ಜಾರಿ ಬೀಳುತ್ತಾರೆ. ಅರಳಿ, ಆಲ ಗೋಡೆ ಹತ್ತಿರ ಬೇಡವೇ ಬೇಡ. ಗಿಡದಿಂದ ಗಿಡಕ್ಕೆ 20ರಿಂದ 25 ಅಡಿ ಬಿಡಿ. ತಲೆ ಎತ್ತಿ ಕರೆಂಟ್ ತಂತಿ ಇದೆಯಾ ಅಂತ ನೋಡಿಕೊಳ್ಳಿ.

ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕಡಿಮೆ ಬೆಲೆಗೆ ಸಸಿ ಸಿಗುತ್ತದೆ. ಉದ್ದ ನೋಡಿ ಮರುಳಾಗಬೇಡಿ. ಆಳುದ್ದದ ತೆಳು ಗಿಡಕ್ಕಿಂತ ಮೂರು ನಾಲ್ಕು ಅಡಿಯ, ಕಾಂಡ ದಪ್ಪಗಿರುವ ಗಿಡ ಬೇಗ ಬೇರು ಬಿಡುತ್ತದೆ.

ಗುಣಿಯನ್ನು ಮೇ ತಿಂಗಳಲ್ಲೇ ತೋಡಿಡಿ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ಬಿಸಿಲು ಕಾಯಲಿ. ತುಂಬುವಾಗ ಮೇಲ್ಮಣ್ಣಿಗೆ ಒಂದು ಪುಟ್ಟಿ ಹಳೆಯ ತಿಪ್ಪೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಹಿಂಡಿ ಹಾಕಿದರೆ ಗೆದ್ದಲು ಕಡಿಮೆ. ನಿಮ್ಮಲ್ಲಿ ಎರೆಮಣ್ಣಿದ್ದರೆ ಅರ್ಧದಷ್ಟು ಮಸಾರಿ, ಅಂದರೆ ಕೆಂಪು ಮಣ್ಣು ಸೇರಿಸಿ. ಎರೆ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಎಳೆ ಬೇರು ಹರಿದುಹೋಗುತ್ತದೆ.

ನೆಡುವುದಕ್ಕೆ ಜೂನ್ 5 ಅಂತ ಕಾಯಬೇಡಿ, ಮಳೆಗೆ ಕಾಯಿರಿ. ಮಿರಗ ಅಥವಾ ಆರಿದ್ರಾ ಮಳೆ ಎರಡು ಸಲ ಚೆನ್ನಾಗಿ ಸುರಿದು ಗುಣಿಯ ಮಣ್ಣು ಕುಸಿದು ಕೂತ ಮೇಲೆ ನೆಡಿ. ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಪೂರ್ತಿ ತೆಗೆಯಿರಿ. ನಾವು ತಳ ಮಾತ್ರ ಕತ್ತರಿಸಿ ಚೀಲದ ಸಮೇತ ಇಟ್ಟಿದ್ದೆವು. ಒಂಬತ್ತು ತಿಂಗಳ ನಂತರ ಕಿತ್ತಾಗ ಬೇರು ಒಳಗೇ ಸಿಂಬೆಯ ಹಾಗೆ ಸುತ್ತಿತ್ತು. ಹೀಗೆ ಸುತ್ತಿಕೊಂಡ ಬೇರು ಕಂಡರೆ ಹೊರಗಿನ ಸುತ್ತನ್ನು ಕತ್ತರಿಸಿಬಿಡಿ, ಹೊಸ ಬೇರು ಬರುತ್ತದೆ. ಚೀಲದಲ್ಲಿ ಮಣ್ಣು ಎಲ್ಲಿವರೆಗೆ ಇತ್ತೋ ಅಲ್ಲಿವರೆಗೆ ಮಾತ್ರ ಹೂಳಿ.

ಆಸರೆಯ ಕೋಲನ್ನು ಪಶ್ಚಿಮದ ಕಡೆ ನಿಲ್ಲಿಸಿ. ಆಷಾಢದ ಗಾಳಿ ಆ ಕಡೆಯಿಂದ ಬರುತ್ತದೆ. ಕೋಲು ಗಾಳಿಯ ಕಡೆ ಇದ್ದರೆ ಗಿಡ ಅದಕ್ಕೆ ಉಜ್ಜುವುದಿಲ್ಲ. ಇನ್ನು ಕಟ್ಟುವುದು. ನಾವು ನೈಲಾನ್ ದಾರದಿಂದ ಬಿಗಿಯಾಗಿ ಕಟ್ಟಿದ್ದೆವು. ಕಾಂಡ ಬೆಳೆಯಿತು, ದಾರ ತೊಗಟೆಯೊಳಗೆ ಇಳಿಯಿತು, ಮೇಲಿನ ಅರ್ಧ ಒಣಗಿತು. ಈಗ ನಾನು ಜೀನ್ಸ್ ಚಿಂದಿ ಬಳಸುತ್ತೇನೆ. ಎರಡು ಬೆರಳಗಲ, ಒಂದು ಮೊಳ ಉದ್ದದ ಪಟ್ಟಿ. ಮೊದಲು ಪಟ್ಟಿಯನ್ನು ಕಾಂಡದ ಸುತ್ತ ತನ್ನಿ, ನಡುವೆ ಒಂದು ತಿರುವು ಕೊಡಿ, ಆಮೇಲೆ ಕೋಲಿಗೆ ಸುತ್ತಿ ಗಂಟು ಹಾಕಿ. ಇಂಗ್ಲಿಷಿನ 8ರ ಹಾಗೆ ಕಾಣಬೇಕು. ಗಂಟು ಕೋಲಿನ ಮೇಲಿರಲಿ, ಕಾಂಡದ ಸುತ್ತ ನಿಮ್ಮ ಹೆಬ್ಬೆರಳು ಹೋಗುವಷ್ಟು ಜಾಗ ಇರಲಿ. ಸ್ಟ್ರೆಚ್ ಬಟ್ಟೆ ಬೇಡ, ಬಿಸಿಲಿಗೆ ಜೋತು ಬೀಳುತ್ತದೆ. ದಪ್ಪ ಕಾಟನ್ ಡೆನಿಮ್ ಸಾಕು. ನಮ್ಮ ಊರಲ್ಲಿ ಯಾವ ಹೊಲಿಗೆ ಮನೆಯಲ್ಲಿ ಕೇಳಿದರೂ ಸುಮ್ನೆ ಕೊಡುತ್ತಾರೆ.

ಅದೇ ದಿನ ಗಿಡದಿಂದ ಒಂದು ಅಡಿ ದೂರಕ್ಕೆ ಒಂದು ಹೊಸ ಮಣ್ಣಿನ ಗಡಿಗೆ ಹೂಳಿ. ಬಣ್ಣ ಹಚ್ಚಿದ್ದು ಬೇಡ, ನೀರು ಜಿನುಗುವುದಿಲ್ಲ. ಐದಾರು ಲೀಟರ್ ಹಿಡಿಯುವುದು ಸಾಕು. ಬಾಯಿ ಮಾತ್ರ ಮೇಲೆ ಕಾಣಲಿ. ಮೇಲೊಂದು ಚಪ್ಪಟೆ ಕಲ್ಲು ಮುಚ್ಚಿ, ಇಲ್ಲವಾದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಗಡಿಗೆಯ ಮೈಯಿಂದ ನೀರು ನಿಧಾನಕ್ಕೆ ಬಸಿದು ಬೇರಿನ ಹತ್ತಿರವೇ ಇಳಿಯುತ್ತದೆ. ಮೇಲೆ ಸುರಿದರೆ ಅರ್ಧ ಬಿಸಿಲಿಗೇ ಹೋಗುತ್ತದಲ್ವಾ? ನಮ್ಮ ಮಣ್ಣಲ್ಲಿ ಗಡಿಗೆ ಖಾಲಿಯಾಗಲು ಮೂರು ನಾಲ್ಕು ದಿನ ಬೇಕು.

ಕುರಿ, ಮೇಕೆ ಒಳಗೆ ಬರುವ ಪಾರ್ಕಾದರೆ ಬೇಲಿ ಬೇಕೇ ಬೇಕು. ಕಬ್ಬಿಣದ ಗಾರ್ಡ್ ಇಲ್ಲದಿದ್ದರೆ ಬಳ್ಳಾರಿ ಜಾಲಿಯ ಮುಳ್ಳು ಸಾಕು. ಹೆಸರಿಗೆ ನಮ್ಮೂರಿನದು, ಮೂಲ ಅಮೆರಿಕ ಖಂಡದ್ದು. ಕಾಯಿ ಇರುವ ಕೊಂಬೆ ಮಾತ್ರ ತರಬೇಡಿ. ಮೇಕೆ ಆ ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಜಾಲಿ ಹುಟ್ಟುತ್ತದೆ. ಮುಳ್ಳನ್ನು ನಡೆಯುವ ದಾರಿಯಿಂದ ಒಳಗೆ ಸರಿಸಿ ಕಟ್ಟಿ, ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ.

ಮಳೆಗಾಲ, ಚಳಿಗಾಲ ಹೆಚ್ಚು ಕೆಲಸ ಇಲ್ಲ. ಫೆಬ್ರವರಿಯಿಂದ ನಿಜವಾದ ಕೆಲಸ. ಮೊದಲ ಬೇಸಿಗೆ ವಾರಕ್ಕೆ ಎರಡು ಸಲ, ಗಿಡಕ್ಕೊಂದು ಕೊಡ. ಮೊದಲು ಗಡಿಗೆ ತುಂಬಿ, ಉಳಿದಿದ್ದನ್ನು ಗಿಡದ ಸುತ್ತಲಿನ ಪಾತಿಗೆ ನಿಧಾನಕ್ಕೆ ಹಾಕಿ. ಹೊತ್ತು ಇಳಿದ ಮೇಲೆ ಹೋಗಿ. ಎರಡನೇ ಬೇಸಿಗೆ ವಾರಕ್ಕೊಮ್ಮೆ ಸಾಕು. ಪಾತಿಯ ಮೇಲೆ ಒಣ ಎಲೆ, ನೆಲ್ಲು ಹುಲ್ಲು ನಾಲ್ಕು ಬೆರಳು ದಪ್ಪ ಹರಡಿ, ಹಾರದ ಹಾಗೆ ಎರಡು ಕಲ್ಲು ಇಡಿ. ಕಾಂಡಕ್ಕೆ ತಾಗಬಾರದು. ಪಾರ್ಕಿನಲ್ಲಿ ಎಲೆ ಗುಡಿಸಿ ಸುಡುವುದು ಕಂಡರೆ ದಯವಿಟ್ಟು ತಡೆಯಿರಿ, ಆ ಎಲೆ ಗಿಡಕ್ಕೆ ಬೇಕು.

ನೀರಿನ ಬಗ್ಗೆ ಒಂದು ಮಾತು. ತುಂಗಭದ್ರಾ ಕಾಲುವೆ ನಿಂತ ದಿನಗಳಲ್ಲಿ ಕೊಡ ನೀರಿಗೂ ಕಷ್ಟ. ಆಗ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಬಕೆಟ್ಟಿನಲ್ಲಿ ಕೂಡಿಡಿ, ಪಾತಿಗೆ ಹಾಕಿ. ಫಿಲ್ಟರ್ ಮಷಿನ್ ಹೊರಗೆ ಬಿಡುವ ನೀರನ್ನು ಹಾಕಬೇಡಿ. ಅದರಲ್ಲಿ ಉಪ್ಪು ಜಾಸ್ತಿ, ಎಲೆಯ ತುದಿ ಸುಡುತ್ತದೆ, ಗಡಿಗೆಯ ರಂಧ್ರವೂ ಕಟ್ಟಿಕೊಳ್ಳುತ್ತದೆ. ಸೋಪಿನ ನೀರೂ ಬೇಡ.

ಎಲೆ ಬಾಡಿದೆ ಅಂತ ಗಾಬರಿಯಿಂದ ಮಧ್ಯಾಹ್ನ ನೀರು ಸುರಿಯಬೇಡಿ. ಬೆಳಿಗ್ಗೆ ಹೋಗಿ ನೋಡಿ. ಬೆಳಿಗ್ಗೆಯೂ ಬಾಡಿದ್ದರೆ ಬೆರಳನ್ನು ಮಣ್ಣೊಳಗೆ ಇಳಿಸಿ. ಎರಡು ಗೆಣ್ಣು ಇಳಿದರೂ ತೇವ ಸಿಗದಿದ್ದರೆ ಆವತ್ತೇ ಕೊಡ ಹೊರಬೇಕು.

ಮೂರನೇ ಮಳೆಗಾಲಕ್ಕೆ ಕಾಂಡವನ್ನು ಒಂದು ಕಡೆ ಬಗ್ಗಿಸಿ ಬಿಡಿ. ತಾನಾಗಿ ನೆಟ್ಟಗೆ ಬಂದರೆ ಕೋಲು ತೆಗೆಯಿರಿ, ಬೇಲಿ ಬಿಚ್ಚಿ. ಗಡಿಗೆಯನ್ನು ಮಾತ್ರ ಕೀಳಬೇಡಿ. ಅಷ್ಟೊತ್ತಿಗೆ ಬೇರು ಅದನ್ನು ತಬ್ಬಿಕೊಂಡಿರುತ್ತದೆ. ಬಾಯಿಗೆ ಮಣ್ಣು ತುಂಬಿ ಅಲ್ಲೇ ಬಿಡಿ.