ಚೀಟಿ ಬಿಟ್ಟೆ, ಟೆಂಪೋ ಹಿಡಿದೆ

ವಿಐಎ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಸುಳಿವನ್ನು ಬರಿಗಣ್ಣಲ್ಲೇ ಹುಡುಕೋ ಪರೀಕ್ಷೆ, ಮಾಡೋದು ನಮ್ಮಂಥ ಸಿಸ್ಟರ್‌ಗಳಿಗೆ ಹೊಸದಲ್ಲ. ಆಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾಯುತ್ತೇವೆ, ಗರ್ಭಕೋಶದ ಬಾಯಿ ಹತ್ತಿರ ದಟ್ಟ ಬಿಳಿ ಕಂಡರೆ ಪಾಸಿಟಿವ್. ಕಷ್ಟ ಶುರುವಾಗೋದೇ ಆಮೇಲೆ.

ಮೊದಲ ವರ್ಷ ಪಾಸಿಟಿವ್ ಬಂದವರಿಗೆ ಸುಮ್ನೆ ಚೀಟಿ ಬರೆದುಕೊಟ್ಟೆ. ನಲವತ್ತು ಚಿಲ್ಲರೆ ಜನರಲ್ಲಿ ತಾಲೂಕು ಆಸ್ಪತ್ರೆಗೆ ಹೋದವರು ಹನ್ನೆರಡೋ ಹದಿಮೂರೋ. ಒಬ್ಬಳು ಖಾಸಗಿ ನರ್ಸಿಂಗ್ ಹೋಮ್‌ಗೆ ಹೋಗಿ, ಓಲೆ ಒತ್ತೆ ಇಟ್ಟು, ಮೂವತ್ತೈದು ಸಾವಿರ ಕೊಟ್ಟು ಗರ್ಭಕೋಶವನ್ನೇ ತೆಗೆಸಿಕೊಂಡು ಬಂದಳು. ಸಕ್ಕರೆ ಕವರಿನಲ್ಲಿ ಮಡಚಿಟ್ಟಿದ್ದ ಕಾಗದ ಬಿಚ್ಚಿ ತೋರಿಸಿದಳು. ಕ್ಯಾನ್ಸರ್ ಇದೆಯಾ ಅಂತ ಚೂರು ತೆಗೆದು ನೋಡೋ ಬಯಾಪ್ಸಿ ಕೂಡ ಮಾಡಿರಲಿಲ್ಲ! ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊರೊನಾ ಆದಮೇಲೆ ‘ಪಾಸಿಟಿವ್’ ಅಂದರೆ ಸಾಕು, ಮುಖ ಬಿಳಿಚಿಕೊಳ್ಳುತ್ತೆ. ಆ ಮಾತು ಬಿಟ್ಟೆ. ‘ಚರ್ಮ ಬದಲಾಗಿದೆ, ಕ್ಯಾನ್ಸರ್ ಅಂತಲ್ಲ, ಆದರೆ ದೊಡ್ಡ ಡಾಕ್ಟರು ದುರ್ಬೀನು ಇಟ್ಟು ಒಮ್ಮೆ ನೋಡಲೇಬೇಕು’ ಅಂತ ಹೇಳತೊಡಗಿದೆ. ಆಮೇಲೆ ಗುರುವಾರಕ್ಕೊಂದು ಟೆಂಪೋ. ಆರೇಳು ಹೆಂಗಸರು, ಜೊತೆಗೆ ನಾನು. ಬಾಡಿಗೆ ಸಾವಿರದ ಇನ್ನೂರು. ಮೊದಲ ಮೂರು ಸಲ ನನ್ನ ಕೈಯಿಂದ, ಆಮೇಲೆ ಎಲ್ಲಿಂದ ಬಂತು ಅಂತ ಇಲ್ಲಿ ಬರೆಯಲ್ಲ. ‘ಸಿಸ್ಟರ್, ಕೂಲಿ ಬಿಟ್ಟು ಯಾರು ಬರ್ತಾರೆ ಬಿಡಿ’ ಅಂದಿದ್ದ ಡಾಕ್ಟರು ಈಗ ಗುರುವಾರ ಬೇರೆ ಕೆಲಸ ಇಟ್ಟುಕೊಳ್ಳಲ್ಲ.

ಕಾಲ್ಪೋಸ್ಕೋಪಿ, ಅಂದರೆ ಆ ದುರ್ಬೀನಿನ ಪರೀಕ್ಷೆ ಮಾಡಿ, ಸರಿಹೊಂದುವವರಿಗೆ ಅವತ್ತೇ ಥರ್ಮಲ್, ಅಂದರೆ ಬಿಸಿ ಪ್ರೋಬ್ ಇಟ್ಟು ಬದಲಾದ ಚರ್ಮ ಸುಡೋದು. ಪ್ರೋಬ್ ಇಡೋದು ಒಂದು ನಿಮಿಷಕ್ಕೂ ಕಡಿಮೆ, ನಂತರ ಟೀ ಕುಡಿದು ವಾಪಸ್. ಬಿಳಿ ಗರ್ಭಕೋಶದ ಬಾಯಿಯ ಒಳಗಡೆ ಹೋಗಿದ್ದವರು ಮಾತ್ರ, ಕರೆಂಟಿನ ತಂತಿಯಿಂದ ಆ ಭಾಗ ಕತ್ತರಿಸಿ ತೆಗೆಯೋ ಲೀಪ್‌ಗೆ ಜಿಲ್ಲಾ ಆಸ್ಪತ್ರೆಗೆ.

ಇಲ್ಲೂ ಎಡವಿದೆ. ನಾಲ್ಕು ವಾರ ಗಂಡನ ಜೊತೆ ಸೇರಬೇಡಿ, ನೀರಿನಂತೆ ಹೋಗುತ್ತೆ, ಹೆದರಬೇಡಿ ಅಂತ ಹೆಂಗಸರಿಗಷ್ಟೇ ಹೇಳಿದ್ದೆ. ಇಬ್ಬರು ರಕ್ತಸ್ರಾವ ಅಂತ ಓಡಿ ಬಂದರು. ಹೇಳಬೇಕಾದ್ದು ಗಂಡಂದಿರಿಗೆ ಅಲ್ವಾ! ಅವರ ಹತ್ತಿರ ಹೇಗೆ ಮಾತಾಡಿದೆ ಅನ್ನೋದು ನನ್ನ ಗುಟ್ಟು, ಆದರೆ ಅತ್ತೆಯರು ಬಹಳ ಕೆಲಸಕ್ಕೆ ಬಂದರು.

ನಡುವೆ ಒಮ್ಮೆ ಆಸಿಟಿಕ್ ಆಸಿಡ್ ಸ್ಟಾಕ್ ಮುಗಿದು, ಅದೇ ಆಸಿಡ್ ಇರೋ ಅಂಗಡಿ ವಿನೆಗರ್ ತಂದು ನೋಡಿದೆ. ಬಾಟಲಿ ಮೇಲೆ 4% ಅಂತಿತ್ತು, ಬಿಳಿ ಚೆನ್ನಾಗೇ ಕಂಡಿತು. ಮೇಲಿನವರಿಗೆ ಗೊತ್ತಾಗಿ ಬೈಸಿಕೊಂಡೆ, ಅದು ಬೇರೆ ಕಥೆ.

ಕಳೆದ ವರ್ಷ ಮೂವತ್ತನಾಲ್ಕರಲ್ಲಿ ಮೂವತ್ತು ಜನ ಹೋಗಿ ಬಂದರು. ಉಳಿದವರಲ್ಲಿ ಒಬ್ಬಳು ಕಬ್ಬು ಕಡಿಯೋಕೆ ಹೋಗಿದ್ದಾಳೆ, ಯುಗಾದಿಗೆ ಬರ್ತೀನಿ ಅಂದಿದ್ದಾಳೆ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಪೆನ್ಸಿಲ್ ಗುರುತು ಹಾಗೇ ಇದೆ.